ಬಾಗಿಲು ತೆಗೆಯದ ಮೂವತ್ತೆಂಟು ಮನೆ

6 ಜನವರಿ 2025, ಸೋಮವಾರ

ಅಬ್ಬಾನ ಅಂಗಡಿಗೆ ಬ್ಯಾಗ್ ಕಂಪನಿಯವರು ಕೊಟ್ಟ ಡೈರಿ ನನ್ನ ಪಾಲಿಗೆ ಬಂತು. ಮನೆಯಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ. ಫ್ರೇಜರ್ ಟೌನಿನಲ್ಲಿ ನಮ್ಮ ಮನೆಯ ಪಕ್ಕದಲ್ಲೇ ಸರ್ಕಾರಿ ಕನ್ನಡ ಶಾಲೆ ಇತ್ತು. ರಸ್ತೆ ದಾಟುವ ತಾಪತ್ರಯ ಇಲ್ಲವೆಂದು ಅಬ್ಬಾ ನನ್ನನ್ನು ಅಲ್ಲಿಗೇ ಸೇರಿಸಿದರು. ಅದರಿಂದ ಈಗ ಒಂದು ಲಾಭವಾಗಿದೆ, ಈ ಪುಸ್ತಕವನ್ನು ಎಲ್ಲಿ ಬಿಸಾಕಿದರೂ ಯಾರೂ ಓದುವುದಿಲ್ಲ. ಮನೆಯಲ್ಲಿ ಆಡುವುದು ದಖನಿ ಉರ್ದು, ಇಲ್ಲಿ ಅದನ್ನೂ ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ.

ಇವತ್ತು ಸಮೀಕ್ಷೆ ಶುರುವಾಯಿತು. ಶಿವಾಜಿನಗರದ ಗಲ್ಲಿಗಳಲ್ಲಿ ಇನ್ನೂರ ನಲವತ್ತು ಮನೆ, ಆಮೇಲೆ ಕಗ್ಗದಾಸಪುರದಲ್ಲಿ ನೂರಿಪ್ಪತ್ತು. ಮನೆಗೊಬ್ಬರಂತೆ ನಲವತ್ತೈದು ದಾಟಿದವರ ಕಿವಿ ಪರೀಕ್ಷೆ ಮಾಡಬೇಕು. ಹೆಡ್‌ಫೋನ್ ಹಾಕಿಸುವುದು, ಸದ್ದು ಕೇಳಿದಾಗ ಬೆರಳೆತ್ತಲು ಹೇಳುವುದು, ಟ್ಯಾಬಿನಲ್ಲಿ ಬರೆದುಕೊಳ್ಳುವುದು. ನೂರಕ್ಕೆ ಎಂಟು ಮಂದಿಗಿಂತ ಹೆಚ್ಚು ಜನರಿಗೆ ಕಿವಿ ಮಂದವಿದ್ದರೆ ಆ ಬಡಾವಣೆಗೆ ಒಂದು ಉಚಿತ ಕೇಂದ್ರ ಬರುತ್ತದೆ, ಶ್ರವಣ ಯಂತ್ರವನ್ನೂ ಬಿಟ್ಟಿ ಕೊಡುತ್ತಾರೆ. ಎಂಟು ದಾಟದಿದ್ದರೆ ಏನೂ ಇಲ್ಲ. ಹಣ ಕೊಡುವ ಟ್ರಸ್ಟಿನವರ ಷರತ್ತು ಇದು.

ಇಂದಿರಾನಗರದ ಆಫೀಸಿನಲ್ಲಿ ಸುಗತ ಸರ್ ಇನ್ನೊಂದು ಸಲ ನಿಯಮ ಓದಿದರು. ಅಧ್ಯಯನ ಅವರದು. ಮಾತು ಕಡಿಮೆ, ಅಂಕಿಯ ಮೇಲೆ ಪ್ರೀತಿ ಜಾಸ್ತಿ.

"ಮನೆ ನೀವು ಆರಿಸ್ಬೇಡಿ, ಪಟ್ಟಿ ಆರಿಸತ್ತೆ. ಮೂರು ಸಲ ಬಾಗಿಲು ಬಡೀರಿ, ಎರಡು ನಿಮಿಷ ಕಾಯಿರಿ. ತೆಗೀಲಿಲ್ಲ ಅಂದ್ರೆ ಮಾರನೇ ದಿನ ಇನ್ನೊಂದ್ಸಲ ಹೋಗಿ. ಆಗ್ಲೂ ತೆಗೀಲಿಲ್ಲ ಅಂದ್ರೆ ಬಲಗಡೆ ಮನೆ ತಗೊಳ್ಳಿ."

ಬೀಗ ಹಾಕಿದ್ದರೆ ಸಂಕೇತ ಎರಡು. ಒಳಗೆ ಜನ ಇದ್ದೂ ಬಾಗಿಲು ತೆಗೆಯದಿದ್ದರೆ ಸಂಕೇತ ಮೂರು, ಅಂದರೆ ನಿರಾಕರಣೆ. ಇಷ್ಟೇ. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ.

9 ಜನವರಿ, ಗುರುವಾರ

ದಿನಕ್ಕೆ ಹನ್ನೆರಡು ಮನೆ. ನಮ್ಮ ಸಂಸ್ಥೆಯಲ್ಲಿ ಇಲ್ಲಿಯವರೆಗೆ ಯಾರೂ ದಿನಕ್ಕೆ ಎಂಟು ಮನೆ ದಾಟಿಸಿಲ್ಲ. ಜೊತೆಗೆ ಬರುವ ಸಲ್ಮಾನ್‌ಗೆ ಪೆಟ್ಟಿಗೆ ಹೊತ್ತುಕೊಂಡು ನನ್ನ ಹಿಂದೆ ಓಡುವುದೇ ಕೆಲಸ. ಕೆ.ಆರ್. ಪುರದಿಂದ ಎರಡು ಬಸ್ಸು ಬದಲಾಯಿಸಿ ಬರುವವನು, ಬೆಳಿಗ್ಗೆಯೇ ಅರ್ಧ ಸತ್ತಿರುತ್ತಾನೆ.

"ಲೇ ಮೆಹ್ವಿಶ್, ನೀನು ಬಡಿಯೋದ್ ನೋಡಿದ್ರೆ ಒಳಗಿರೋರು ಪೊಲೀಸ್ ಬಂದ್ರು ಅಂದ್ಕೋತಾರೆ."

"ಅಂದ್ಕೊಳ್ಳಲಿ. ಬೇಗ ತೆಗೀತಾರೆ."

18 ಜನವರಿ, ಶನಿವಾರ

ಸಿಟ್ಟು ಬಂದಿದೆ, ಬರೆದು ಇಳಿಸಿಕೊಳ್ಳುತ್ತೇನೆ.

ಮನೆ 118. ಮೊದಲ ಮಹಡಿ, ಹಸಿರು ಬಾಗಿಲು. ನಿನ್ನೆ ಹನ್ನೊಂದೂ ಇಪ್ಪತ್ತಕ್ಕೆ ಹೋದೆವು. ಒಳಗೆ ಹೊಲಿಗೆ ಮೆಷಿನ್ ಓಡುತ್ತಿದೆ, ಮೆಟ್ಟಿಲಿನವರೆಗೆ ಸದ್ದು. ಮೂರು ಸಲ ಬಡಿದೆ. ಮೆಷಿನ್ ನಿಲ್ಲಲೇ ಇಲ್ಲ. ಇವತ್ತು ನಾಲ್ಕೂ ಹತ್ತಕ್ಕೆ ಮತ್ತೆ ಹೋದೆವು. ಅದೇ ಮೆಷಿನ್, ಅದೇ ಬಾಗಿಲು. ಪಕ್ಕದ ಮನೆಯ ಹೆಂಗಸು ತಲೆ ಹೊರಗೆ ಹಾಕಿ, "ಅವಳಾ? ಅವಳು ಯಾರಿಗೂ ತೆಗಿಯೋಲ್ಲ ಬಿಡಮ್ಮ, ಭಾಳ ಗುಮಾನ್" ಎಂದಳು. ಗುಮಾನ್ ಎಂದರೆ ಜಂಬ. ಸಂಕೇತ ಮೂರು ಹಾಕಿ ಆ ಹೆಂಗಸಿನ ಅತ್ತೆಯನ್ನೇ ಕೂರಿಸಿಕೊಂಡೆ. ಅವರ ಕಿವಿ ಪಾತಾಳದ ಸದ್ದನ್ನೂ ಹಿಡಿಯುವಂತಿದೆ.

ಇಂಥವರು ಇವರೊಬ್ಬರೇ ಅಲ್ಲ. ಮೊನ್ನೆ ಮನೆ 96, ಒಳಗೆ ಟಿವಿ ಬೀದಿಗೆಲ್ಲ ಕೇಳುವಷ್ಟು ಜೋರು, ಬಾಗಿಲು ಮಾತ್ರ ತೆಗೆಯಲಿಲ್ಲ. ಮನೆ 71ರಲ್ಲೂ ಟಿವಿ. ಬಿಸಿಲಲ್ಲಿ ನಿಂತವರ ಮೇಲೆ ಒಂದಿಷ್ಟೂ ಮರ್ಯಾದೆ ಇಲ್ಲವೇ? ಟಿಪ್ಪಣಿಯ ಜಾಗದಲ್ಲಿ "ಟಿವಿ ಜೋರು, ಬೇಕೆಂದೇ ತೆಗೆಯಲಿಲ್ಲ" ಎಂದು ಪ್ರತಿ ಸಲವೂ ಬರೆಯುತ್ತಿದ್ದೇನೆ. ಸುಗತ ಸರ್ ನೋಡಲಿ, ನಾವು ಎಂಥ ಜನರ ಹತ್ತಿರ ಹೋಗುತ್ತಿದ್ದೇವೆಂದು.

ಅಬ್ಬಾ ಊಟದ ಹೊತ್ತಿಗೆ ಅಂಗಡಿಯಲ್ಲಿ ಸೂಟ್‌ಕೇಸಿನ ಚಕ್ರ ಬದಲಿಸಲು ಬಂದವನ ಕಥೆ ಹೇಳುತ್ತಿದ್ದರು. ಪೂರ್ತಿ ಕೇಳಲಿಲ್ಲ, ಟ್ಯಾಬಿನಲ್ಲಿ ಲೆಕ್ಕ ತುಂಬಬೇಕಿತ್ತು.

29 ಜನವರಿ, ಬುಧವಾರ

ಶಿವಾಜಿನಗರ ಮುಗಿಯಿತು. ಇನ್ನೂರ ನಲವತ್ತಕ್ಕೆ ಇನ್ನೂರ ನಲವತ್ತು, ಹೇಳಿದ ದಿನಕ್ಕೇ. ಕಿವಿ ಮಂದ ಎಂದು ಬಂದವರು ಹತ್ತು ಜನ. ನೂರಕ್ಕೆ ನಾಲ್ಕು.

ಒಂದು ಕಡೆ ಬೇಸರ, ಕೇಂದ್ರ ಬರುವುದಿಲ್ಲ. ಇನ್ನೊಂದು ಕಡೆ ಹೆಮ್ಮೆ ಅನ್ನಿಸಿತು, ನಮ್ಮವರ ಕಿವಿ ಗಟ್ಟಿ. ಸಲ್ಮಾನ್ ಹೇಳುತ್ತಾನೆ, "ನಮ್ಮೋರು ಮಾತಾಡೋದೇ ಕಿರುಚ್ಕೊಂಡು. ಕೇಳದೆ ಎಲ್ಲಿಗ್ ಹೋಗತ್ತೆ ಗುರು?"

5 ಫೆಬ್ರವರಿ, ಬುಧವಾರ

ಕಗ್ಗದಾಸಪುರ. ಒಂದೇ ಗೋಡೆಗೆ ಅಂಟಿದ ಹನ್ನೆರಡು ಶೀಟಿನ ರೂಮು, ಎಲ್ಲ ರಾಯಚೂರು ಕಡೆಯಿಂದ ಬಂದವರು, ಕಟ್ಟಡದ ಕೆಲಸ. ಇಲ್ಲಿ ಬಾಗಿಲು ಬಡಿಯುವ ಪ್ರಶ್ನೆಯೇ ಇಲ್ಲ. ಎಲ್ಲರೂ ಹೊರಗೇ ಕೂತಿರುತ್ತಾರೆ, ಒಬ್ಬರನ್ನು ಕೇಳಿದರೆ ನಾಲ್ವರು ಉತ್ತರ ಕೊಡುತ್ತಾರೆ. ಹೊತ್ತು ಹಾಳು, ಆದರೆ ಯಾರನ್ನೂ ಹುಡುಕಬೇಕಾಗಿಲ್ಲ.

ಒಂದೇ ಒಂದು ಬಾಗಿಲು ಹಾಕಿತ್ತು. ಬಡಿದೆ, ಕಾದೆ, ಮತ್ತೆ ಬಡಿದೆ. ಒಳಗೆ ಫ್ಯಾನ್ ತಿರುಗುವುದು ಶೀಟಿನ ಸಂದಿಯಿಂದ ಕಾಣುತ್ತಿತ್ತು. ಟ್ಯಾಬಿನಲ್ಲಿ ಮೂರು ಒತ್ತುವಷ್ಟರಲ್ಲಿ ಕೊಡ ಹೊತ್ತುಕೊಂಡು ಒಬ್ಬಳು ಬಂದಳು, ಯಂಕಮ್ಮ. ಅದು ಅವಳ ರೂಮು, ಒಳಗಿದ್ದವನು ಅವಳ ಗಂಡ ಹುಸೇನಪ್ಪ.

"ಬಾಗಲಾ ಬಡದ್ರ ಆತನಿಗೆ ಹ್ಯಾಂಗ ತಿಳೀಬೇಕ್ರಿ ಮೇಡಮ್ಮಾ? ಹತ್ತು ವರ್ಷ ಕಲ್ಲು ಒಡಿಯೋ ಮಿಷಿನ್ನಾಗ ದುಡದಾನ."

ಹೀಗೆಂದು ಕೊಡ ಇಳಿಸಿ ಗೋಡೆಯ ಮೇಲಿನ ಸ್ವಿಚ್ಚು ಆರಿಸಿದಳು. ಕರೆಂಟು ಹೆಚ್ಚು ಸುಡುತ್ತಾರೆಂದು ಓನರು ಎಲ್ಲ ರೂಮಿನ ಸ್ವಿಚ್ಚನ್ನೂ ಹೊರಗೆ ಇಟ್ಟಿದ್ದಾನೆ. ಫ್ಯಾನ್ ನಿಂತಿತು. ಹುಸೇನಪ್ಪ ಎದ್ದು ಬಂದು ಬಾಗಿಲು ತೆಗೆದ. ಅವನು ಮಲಗಿರಲಿಲ್ಲ. ಕೈಯಲ್ಲಿ ಅರ್ಧ ಬಿಡಿಸಿದ ಬೆಳ್ಳುಳ್ಳಿ ಇತ್ತು.

"ಏನಾತು?" ಎಂದು ಹೆಂಡತಿಯನ್ನು ಕೇಳಿದ. ಅವಳು ನನ್ನ ಕಡೆ ಕೈ ತೋರಿಸಿದಳು. ನನ್ನನ್ನು ನೋಡಿ ನಕ್ಕ.

"ಒಳಗ ಬರ್ರಿ, ಹೊರಗ್ಯಾಕ ನಿಂತೀರಿ?"

ಹೆಡ್‌ಫೋನ್ ಹಾಕಿದೆವು. ಬೆರಳು ಏಳಲೇ ಇಲ್ಲ. ಸಲ್ಮಾನ್ ಪೆಟ್ಟಿಗೆಯ ತಂತಿ ಸಡಿಲವಾಗಿದೆ ಎಂದುಕೊಂಡು ಎರಡು ಸಲ ಕಿತ್ತು ಚುಚ್ಚಿದ. ತಂತಿ ಸರಿಯಾಗೇ ಇತ್ತು. ಬಸ್ಸಿನಲ್ಲಿ ಬರುವಾಗ ನಾವಿಬ್ಬರೂ ಆ ಸ್ವಿಚ್ಚಿನ ವಿಷಯ ನೆನೆಸಿಕೊಂಡು ನಕ್ಕೆವು. ಇಂದಿರಾನಗರ ಬರುವ ಹೊತ್ತಿಗೆ ನನಗೆ ನಗು ಬರುತ್ತಿರಲಿಲ್ಲ.

6 ಫೆಬ್ರವರಿ, ಗುರುವಾರ

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಶಿವಾಜಿನಗರದ ಪಟ್ಟಿ ತೆಗೆದು ನೋಡಿದೆ. ಸಂಕೇತ ಮೂರು: ಮೂವತ್ತೆಂಟು ಮನೆ. ಟಿಪ್ಪಣಿಗಳನ್ನು ಒಂದೊಂದಾಗಿ ಓದಿದೆ. ಟಿವಿ ಜೋರು. ಮೆಷಿನ್ ಸದ್ದು. ಟಿವಿ ಜೋರು. ರೇಡಿಯೋ ಜೋರು. ಟಿವಿ ಜೋರು, ಬೇಕೆಂದೇ ತೆಗೆಯಲಿಲ್ಲ. ಇಂಥವೇ ಇಪ್ಪತ್ತನಾಲ್ಕು.

ಕಿವಿ ಕೇಳದವರನ್ನು ಹುಡುಕಲು ಹೊರಟವಳು ನಾನು. ಬಾಗಿಲು ಬಡಿದದ್ದು ಯಾರಿಗೆ ಕೇಳಿಸಿತೋ ಅವರನ್ನಷ್ಟೇ ಪರೀಕ್ಷೆ ಮಾಡಿ ಬಂದಿದ್ದೇನೆ. ಕೇಳಿಸದವರ ಬದಲಿಗೆ ಬಲಗಡೆ ಮನೆಯಿಂದ ಕೇಳಿಸುವವರನ್ನು ತಂದು ಕೂರಿಸಿದ್ದೇನೆ. ನಿಯಮದ ಪ್ರಕಾರವೇ, ಒಂದು ತಪ್ಪೂ ಇಲ್ಲದೆ.

10 ಫೆಬ್ರವರಿ, ಸೋಮವಾರ

ಸುಗತ ಸರ್ ಎಲ್ಲರ ಮುಂದೆ ನನ್ನ ಹೆಸರು ಹೇಳಿದರು. ಬಿಟ್ಟುಹೋದ ಮನೆ ಒಂದೂ ಇಲ್ಲ, ಇದು ಮಾದರಿ ಕೆಲಸ ಎಂದರು. ಮುಂದಿನ ಅಧ್ಯಯನಕ್ಕೆ ನನ್ನನ್ನೇ ಮೇಲ್ವಿಚಾರಕಿ ಮಾಡುತ್ತಾರಂತೆ. ವರದಿ ಇಪ್ಪತ್ತೇಳಕ್ಕೆ ಟ್ರಸ್ಟಿನವರ ಕೈಗೆ ಹೋಗುತ್ತದೆ. ಕಗ್ಗದಾಸಪುರದಲ್ಲಿ ನೂರಕ್ಕೆ ಹದಿನಾಲ್ಕರ ಹತ್ತಿರ ಬರುತ್ತಿದೆ. ಹಾಗಾಗಿ ಅಲ್ಲಿಗೆ ಕೇಂದ್ರ, ಶಿವಾಜಿನಗರಕ್ಕೆ ಬೇಡ.

ಚಪ್ಪಾಳೆ ತಟ್ಟಿದರು. ನಾನು ಥ್ಯಾಂಕ್ಸ್ ಹೇಳಿ ಕೂತೆ.

11 ಫೆಬ್ರವರಿ, ಮಂಗಳವಾರ

ಹೇಳಲಿಲ್ಲ.

12 ಫೆಬ್ರವರಿ, ಬುಧವಾರ

ಇವತ್ತೂ ಹೇಳಲಿಲ್ಲ. ಅಬ್ಬಾಗೆ ಮೇಲ್ವಿಚಾರಕಿಯ ವಿಷಯ ತಿಳಿಸಿದೆ. ಗಲ್ಲಿಗೆಲ್ಲ ಹೇಳಿಕೊಂಡು ಬಂದರು. ಬೇಡ ಎಂದರೂ ಕೇಳಲಿಲ್ಲ.

13 ಫೆಬ್ರವರಿ, ಗುರುವಾರ

ಹೇಳಿದೆ.

ಸುಗತ ಸರ್ ಮೊದಲು ನಗುಮುಖದಲ್ಲೇ ಕೇಳಿಸಿಕೊಂಡರು. "ನಿರಾಕರಣೆ ಎಲ್ಲಾ ಸಮೀಕ್ಷೆಲೂ ಇರತ್ತೆ ಮೆಹ್ವಿಶ್. ನೂರಕ್ಕೆ ಹದಿನಾರು ಅಂದ್ರೆ ಒಳ್ಳೆ ಅಂಕಿನೇ. ಬದಲಿ ಮನೆನೂ ತಗೊಂಡಿದ್ದೀರಲ್ಲ."

"ಸರ್, ಬದಲಿ ಮನೆಯೋರು ಬಾಗಿಲು ತೆಗೆದೋರು. ಇವ್ರು ತೆಗೀದೆ ಇದ್ದಿದ್ದೇ ಕಿವಿ ಕೇಳದೆ ಅಂದ್ರೆ? ಹಸಿದೋರು ಎಷ್ಟು ಜನ ಅಂತ ಮದುವೆ ಊಟ ಮುಗಿಸಿ ಬಂದೋರ್ನ ಕೇಳ್ದಂಗಾಯ್ತು."

ನನ್ನ ಟಿಪ್ಪಣಿಗಳ ಹಾಳೆಯನ್ನು ಮುಂದಿಟ್ಟೆ. ಓದಿದರು. ಪೂರ್ತಿ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಯಮ ಬರೆದಿದ್ದು ನಾನು," ಎಂದರು. ಅಷ್ಟು ಹೇಳಿದರಲ್ಲ, ಅವರ ಮೇಲೆ ಗೌರವ ಬಂತು. ಆಮೇಲೆ ಹೇಳಿದ್ದು ಬೇರೆ ಮಾತು. ಮರುಪರಿಶೀಲನೆಗೆ ಹೋದ ಹಾಳೆಗಳ ಮೇಲೆ ಯಾರ ಹೆಸರಿದೆಯೋ ಅವರನ್ನು ಮೇಲ್ವಿಚಾರಕರನ್ನಾಗಿ ಮಾಡಲು ಬರುವುದಿಲ್ಲವಂತೆ, ಅದು ಸಂಸ್ಥೆಯ ಕಾನೂನು. ಮೂವತ್ತೆಂಟು ಹಾಳೆಯ ಮೇಲೂ ನನ್ನ ಹೆಸರೇ ಇದೆ.

"ಯೋಚ್ನೆ ಮಾಡಿ ಹೇಳಿ."

"ಯೋಚ್ನೆ ಮಾಡ್ಕೊಂಡೇ ಬಂದಿದ್ದೀನಿ ಸರ್," ಎಂದೆ. ಸುಳ್ಳು. ಆ ಕಾನೂನು ನನಗೆ ಗೊತ್ತೇ ಇರಲಿಲ್ಲ. ಹೊರಗೆ ಬಂದು ಕಾರಿಡಾರಿನಲ್ಲಿ ನೀರು ಕುಡಿದೆ. ಹೊಟ್ಟೆ ಉರಿಯಿತು, ಇಲ್ಲವೆಂದರೆ ಆತ್ಮವಂಚನೆ ಆದೀತು.

ಒಂದು ವಾರ ಸಿಕ್ಕಿದೆ. ಬಾಗಿಲು ತೆರೆಸುವ ದಾರಿ ನಾನೇ ಹುಡುಕಬೇಕು.

17 ಫೆಬ್ರವರಿ, ಸೋಮವಾರ

ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಒಂದು ಮನೆಯೂ ಆಗಲಿಲ್ಲ. ಬಡಿದೆ, ಕೂಗಿದೆ, ಫೋನ್ ಮಾಡಿದೆ. ಮನೆ 71ರಲ್ಲಿ ಟಿವಿಯ ಜೊತೆಗೆ ಫೋನ್ ರಿಂಗಾಗುವುದೂ ಹೊರಗೆ ಕೇಳಿಸಿತು. ಕೇಳಿಸಿದ್ದು ನಮಗೆ. ಸಲ್ಮಾನ್ ಮೆಟ್ಟಿಲ ಮೇಲೆ ಕೂತು, "ಇಲ್ಲೂ ಹೊರಗಡೆ ಸ್ವಿಚ್ ಇಟ್ಟಿದ್ರೆ ಚೆನ್ನಾಗಿರ್ತಿತ್ತು ಮಗಾ" ಎಂದ.

ಆಗ ಬೈಲಪ್ಪ ಸಿಕ್ಕರು. ಸೈಕಲ್ಲಿನಲ್ಲಿ ಹಾಲಿನ ಪ್ಯಾಕೆಟ್ ಹಾಕುವವರು, ಮೂವತ್ತು ವರ್ಷದಿಂದ ಈ ಗಲ್ಲಿಗಳಲ್ಲೇ ಇದ್ದಾರೆ. ನಮ್ಮ ಅವಸ್ಥೆ ನೋಡಿ ನಿಂತರು.

"ಯಾರ್ ಮನೆಗಮ್ಮ?"

"71. ತೆಗೀತಾನೇ ಇಲ್ಲ."

"ಅಯ್ಯೋ, ಅವ್ರಿಗೆ ಕೂಗಿದ್ರೆ ಆಗಲ್ಲ," ಎಂದವರೇ ಕಿಟಕಿಯ ಸರಳಿನೊಳಗೆ ಕೈ ಹಾಕಿ ಪರದೆ ಎಳೆದರು. ಬಿಸಿಲು ಟಿವಿಯ ಮೇಲೆ ಬಿತ್ತು. ಒಳಗಿದ್ದ ಯಜಮಾನರು ತಿರುಗಿ ನೋಡಿ ಎದ್ದು ಬಂದರು.

ಯಾವ ಮನೆಗೆ ಹೇಗೆ ಎಂದು ಬೈಲಪ್ಪನವರಿಗೆ ಎಲ್ಲ ಗೊತ್ತು. ಒಬ್ಬರಿಗೆ ಪರದೆ, ಒಬ್ಬರಿಗೆ ಬಾಗಿಲ ಕೆಳಗಿನಿಂದ ಕೋಲು ತೂರಿಸುವುದು, ಇನ್ನೊಬ್ಬರಿಗೆ ಹಿಂದಿನ ಮನೆಯ ಅಂಗಳದಿಂದ ಕೈ ಬೀಸುವುದು. ಪಟ್ಟಿ ತೋರಿಸಿದೆ. ಮೂವತ್ತೆಂಟರಲ್ಲಿ ಇಪ್ಪತ್ತೆರಡನ್ನು ಬೆರಳಿಟ್ಟು ಹೇಳಿದರು, ಇವ್ರಿಗೆ ಮಂದ, ಇವ್ರಿಗೆ ಮಂದ, ಇವ್ರು ಬೇಕಂತ್ಲೇ ತೆಗಿಯಲ್ಲ, ಇವ್ರಿಗೆ ಮಂದ.

"ನಮ್ಮನ್ನ ಮೊದ್ಲೇ ಕೇಳ್ಬಾರ್ದಿತ್ತಾ?"

ಕೇಳಬಹುದಿತ್ತು. ದಿನವೂ ಅವರ ಸೈಕಲ್ಲಿಗೆ ದಾರಿ ಬಿಟ್ಟುಕೊಂಡೇ ನಾನು ಓಡುತ್ತಿದ್ದೆ.

18 ಫೆಬ್ರವರಿ, ಮಂಗಳವಾರ

ಇವತ್ತು ಮೂರು ಮನೆ.

ಮೊದಲನೆಯದು ಹಸಿರು ಬಾಗಿಲು. ಅವರ ಹೆಸರು ಇಮಾಮ್ ಬೀ, ಐವತ್ನಾಲ್ಕು ವರ್ಷ. ಗಂಡ ತೀರಿ ಆರು ವರ್ಷ, ಮಕ್ಕಳಿಲ್ಲ. ಹದಿನೆಂಟು ವರ್ಷ ಕಸೂತಿ ಕಾರ್ಖಾನೆಯಲ್ಲಿ ದೊಡ್ಡ ಯಂತ್ರಗಳ ನಡುವೆ ಕೆಲಸ ಮಾಡಿದವರು. ಈಗ ಮನೆಯಲ್ಲೇ ಬುರ್ಖಾ ಹೊಲಿಯುತ್ತಾರೆ. ಬಾಗಿಲ ಪಕ್ಕದ ಕಿಟಕಿಯಿಂದ ಒಂದು ದಾರ ಇಳಿಬಿಟ್ಟಿದೆ. ಅದು ಒಳಗೆ ಮೆಷಿನ್ನಿನ ಮೇಲಿನ ಮೊಳೆಗೆ ಹೋಗುತ್ತದೆ, ತುದಿಗೆ ಕೆಂಪು ಬಟ್ಟೆಯ ಚೂರು. ಬೈಲಪ್ಪ ಎಳೆದರೆ ಕಣ್ಣೆದುರು ಬಟ್ಟೆ ಕುಣಿಯುತ್ತದೆ, ಎದ್ದು ಬಂದು ಹಾಲು ತೆಗೆದುಕೊಳ್ಳುತ್ತಾರೆ.

ದಾರ ಯಾಕೆ ಎಂದು ಕೇಳಿದೆ. ಎರಡು ಸಲ ಕೇಳಬೇಕಾಯಿತು, ಎರಡನೆಯ ಸಲ ಎದುರಿಗೆ ಕೂತು.

"ಪಾಪ, ಬೈಲಪ್ಪಂಗೆ ವಯಸ್ಸಾಯ್ತಲ್ಲ. ಗಂಟಲೇ ಏಳೋಲ್ಲ. ಎಷ್ಟು ಮೆಲ್ಲಗೆ ಕರೀತಾನೆ ಅಂದ್ರೆ, ದಿನಾ ಹಾಲು ಬೆಕ್ಕಿನ ಪಾಲಾಗ್ತಿತ್ತು."

ಬೈಲಪ್ಪನವರ ಗಂಟಲು ರಸೆಲ್ ಮಾರ್ಕೆಟ್ಟಿನವರೆಗೆ ಕೇಳಿಸುವಂಥದ್ದು. ಅವರು ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ನೋಡಿ ಸುಮ್ಮನೆ ತಲೆಯಾಡಿಸಿದರು.

ಪರೀಕ್ಷೆ ಮಾಡಿದೆವು. ಎರಡು ಕಿವಿಯೂ ಮಂದ, ಬಲಗಿವಿ ಪೂರ್ತಿ ಹೋಗಿದೆ. ಇಮಾಮ್ ಬೀ ಹೆಡ್‌ಫೋನ್ ತೆಗೆದು ಕೈಯಲ್ಲಿಟ್ಟುಕೊಂಡು, "ಸ್ವಲ್ಪ ಕಮ್ಮಿ ಅಂತ ಗೊತ್ತಿತ್ತು" ಎಂದರು. ಆಮೇಲೆ ಚಹಾ ಮಾಡಿದರು. ಬೇಡವೆನ್ನಲಿಲ್ಲ.

"ನೀನು ಬಂದಿದ್ದು ಒಳ್ಳೇದಾಯ್ತು ಬೇಟಿ. ಎರಡು ವರ್ಷ ಆಯ್ತು, ನನ್ನ ಬಾಗಿಲಿಗೆ ಯಾರೂ ಬರೋದಿಲ್ಲ. ಮೊದಲು ಗಲ್ಲಿ ಹೆಂಗಸರು ಬರ್ತಿದ್ರು, ಈಗ ಇಲ್ಲ. ನನ್ನ ತಂಗಿ ಜೈತುನ್, ಹಲಸೂರಲ್ಲಿ ಇದ್ದಾಳೆ, ಮಗಳ ಮದುವೆ ಮಾಡಿದ್ಲು. ನನ್ನನ್ನ ಕರೀಲಿಲ್ಲ. ಗಂಡ ಇಲ್ದೋಳು ಅಂತ ಬಿಟ್ರೇನೋ."

ಟ್ಯಾಬ್ ತೆಗೆದು ಅವರ ಮುಂದೆ ಹಿಡಿದೆ. ಜನವರಿ ಹದಿನೇಳು, ಹನ್ನೊಂದೂ ಇಪ್ಪತ್ತು. ಜನವರಿ ಹದಿನೆಂಟು, ನಾಲ್ಕೂ ಹತ್ತು. ಮೂರು ಸಲ ಬಡಿದೆ ಎಂದು ಬೆರಳು ಎತ್ತಿ ತೋರಿಸಿದೆ. "ನಾನು ಬಂದಿದ್ದೆ ಖಾಲಾ. ಎರಡು ಸಲ."

ಅವರು ಅದನ್ನು ತುಂಬ ಹೊತ್ತು ನೋಡಿದರು. ಮುಖದ ಬಣ್ಣ ಇಳಿಯಿತು.

"ನಾನು ಇಲ್ಲೇ ಇದ್ದೆ," ಎಂದರು. ಆಮೇಲೆ, "ಹಾಗಾದ್ರೆ ಇನ್ನೂ ಯಾರ್ಯಾರು ಬಂದು ಹೋದ್ರೋ."

ನಾನು ಟಿಪ್ಪಣಿಯ ಭಾಗವನ್ನು ಬೆರಳಿನಿಂದ ಮುಚ್ಚಿ ಹಿಡಿದಿದ್ದೆ. ಅಲ್ಲಿ "ಜಂಬ" ಎಂದು ಬರೆದಿತ್ತು, ನನ್ನದೇ ಟೈಪು. ಅಳು ಬಂತು. ಅವರ ಮುಂದೆ ಅಳಲಿಲ್ಲ, ಗಲ್ಲಿಯ ತಿರುವಿನಲ್ಲಿ ಅತ್ತೆ. ಸಲ್ಮಾನ್ ಪೆಟ್ಟಿಗೆ ಹಿಡಿದುಕೊಂಡು ಬೇರೆ ಕಡೆ ನೋಡುತ್ತ ನಿಂತ.

22 ಫೆಬ್ರವರಿ, ಶನಿವಾರ

ಮೂವತ್ತೆಂಟರಲ್ಲಿ ಮೂವತ್ತೊಂದು ಆಯಿತು. ಮೂರು ಮನೆಗೆ ಬೀಗ, ಇಬ್ಬರು ಮನೆ ಬದಲಾಯಿಸಿದ್ದಾರೆ, ಇಬ್ಬರು ನಿಜವಾಗಿಯೂ ಬೈದು ಕಳಿಸಿದರು. ಬೈಸಿಕೊಂಡಾಗ ಯಾಕೋ ಸಮಾಧಾನವಾಯಿತು, ಕೊನೆಗೂ ನಿಜವಾದ ನಿರಾಕರಣೆ ಸಿಕ್ಕಿತು. ಮೂವತ್ತೊಂದರಲ್ಲಿ ಹದಿನೇಳು ಜನರಿಗೆ ಕಿವಿ ಮಂದ.

ಕೆಲಸ ಮುಗಿಸಿ ಹಲಸೂರಿಗೆ ಹೋದೆ. ಯಾರೂ ಹೋಗೆಂದಿರಲಿಲ್ಲ. ಜೈತುನ್ ಅವರ ಮನೆ ಮಾರ್ಕೆಟ್ಟಿನ ಹಿಂದೆ. ಅಕ್ಕನ ಹೆಸರು ಹೇಳಿದ ಕೂಡಲೇ ಮುಖ ಗಂಟಾಯಿತು.

"ಕರೀಲಿಲ್ಲ ಅಂದ್ಲಾ? ಮೊದಲ ಕಾರ್ಡು ಅವಳಿಗೇ ತಗೊಂಡು ಹೋಗಿದ್ದೆ. ಮೆಷಿನ್ ಓಡ್ತಾ ಇತ್ತು. ಬಡಿದೆ, ಹೆಸರು ಹಿಡಿದು ಕೂಗಿದೆ. ಒಳಗೇ ಕೂತಿದ್ದು ಬಾಗಿಲು ತೆಗೀಲಿಲ್ಲ. ಫೋನೂ ಎತ್ತಲಿಲ್ಲ. ಕಾರ್ಡು ಬಾಗಿಲ ಸಂದಿಗೆ ತುರುಕಿ ಬರೋಳಲ್ಲ ನಾನು."

"ಅವ್ರಿಗೆ ಕಿವಿ ಕೇಳ್ಸಲ್ಲ ಖಾಲಾ. ನಾನೇ ಪರೀಕ್ಷೆ ಮಾಡಿದ್ದೀನಿ."

"ಚಿಕ್ಕಂದಿನಿಂದ ಹಾಗೇ ಅವಳು. ಬೇಡ ಅನ್ನಿಸಿದ್ರೆ ಕೇಳ್ಸಲ್ಲ, ಬೇಕಾದ್ರೆ ಕೇಳ್ಸತ್ತೆ. ನಾಟಕ."

ವಾದ ಮಾಡಲಿಲ್ಲ. ಮೊದಲಾದರೆ ಮಾಡುತ್ತಿದ್ದೆನೇನೋ, ಸುಸ್ತಾಗಿತ್ತು. ಕೂತು ಅವರ ಮಗಳ ಮದುವೆಯ ಫೋಟೊ ಅಷ್ಟೂ ನೋಡಿದೆ. ಹೊರಡುವಾಗ ಕೇಂದ್ರ ಬಂದರೆ ಅದರ ದಿನ ತಿಳಿಸುತ್ತೇನೆ ಎಂದೆ. "ನಾನು ಹೀಗಂದೆ ಅಂತ ಅವಳಿಗೆ ಹೇಳ್ಬೇಡ," ಎಂದರು. ಇಮಾಮ್ ಬೀಗೆ ಹೇಳಿಲ್ಲ. ಅದು ನಾನು ಹೇಳಬೇಕಾದ ಮಾತೂ ಅಲ್ಲ.

27 ಫೆಬ್ರವರಿ, ಗುರುವಾರ

ಟ್ರಸ್ಟಿನವರ ಸಭೆ. ಸುಗತ ಸರ್ ಎರಡು ಅಂಕಿಯನ್ನೂ ಪಕ್ಕಪಕ್ಕದಲ್ಲಿ ಹಾಕಿ ತೋರಿಸಿದರು. ಬದಲಿ ಮನೆಗಳೊಂದಿಗೆ ನಾಲ್ಕು, ಬದಲಿ ತೆಗೆದು ಪಟ್ಟಿಯ ಮನೆಗಳನ್ನೇ ಹಿಡಿದರೆ ಹನ್ನೊಂದು. ಇಷ್ಟು ವ್ಯತ್ಯಾಸ ಹೇಗೆ ಎಂದು ಒಬ್ಬರು ಸಿಡುಕಿದರು. ಸರ್ ಹೇಳಿದರು, "ನಮ್ಮ ವಿಧಾನವೇ ಕಿವಿ ಕೇಳೋರನ್ನ ಆರಿಸ್ತಿತ್ತು. ಯಾರು ಸಿಕ್ಕಿದ್ರು ಅನ್ನೋದಕ್ಕಿಂತ ಯಾರು ಸಿಗಲಿಲ್ಲ, ಯಾಕೆ ಸಿಗಲಿಲ್ಲ ಅಂತ ನೋಡ್ಬೇಕಿತ್ತು. ನೋಡಿದ್ದು ಮೆಹ್ವಿಶ್."

ಎರಡು ಗಂಟೆ ಚರ್ಚೆ ಆಯಿತು. ಪೂರ್ತಿ ಕೇಂದ್ರ ಕಗ್ಗದಾಸಪುರಕ್ಕೆ. ಶಿವಾಜಿನಗರಕ್ಕೆಂದು ಈ ವರ್ಷ ಹಣ ತೆಗೆದಿಟ್ಟಿರಲಿಲ್ಲವಂತೆ, ಹಾಗಾಗಿ ಅಲ್ಲಿ ವಾರದಲ್ಲಿ ಎರಡು ದಿನ ಮಾತ್ರ, ಈದ್ ಮುಗಿದ ಮೇಲೆ. ಯಂತ್ರ ಉಚಿತ. ಅರ್ಧ ಸಿಕ್ಕಿತು ಎಂದು ಕುಣಿಯಬೇಕೋ ಇನ್ನರ್ಧ ಹೋಯಿತು ಎಂದು ಕೂರಬೇಕೋ ಗೊತ್ತಾಗಲಿಲ್ಲ. ಸಲ್ಮಾನ್ ಮೇಲ್ವಿಚಾರಕನಾದ. ಬಿರಿಯಾನಿ ಕೊಡಿಸು ಎಂದೆ, ಕೊಡಿಸಿದ.

ಮನೆಗೆ ಬಂದು ಅಬ್ಬಾಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೇರೆಯೇ ಹೇಳಿದರು. "ನೀನೇನೇ ಇತ್ತೀಚೆಗೆ ಇಷ್ಟು ನಿಧಾನ ಆಗ್ಬಿಟ್ಟಿದ್ದೀಯ? ಮುಖ ನೋಡ್ಕೊಂಡು ಮಾತಾಡ್ತೀಯ, ನಾನು ಮುಗಿಸೋವರೆಗೂ ಕೂತಿರ್ತೀಯ. ಹುಷಾರಾಗಿದ್ದೀಯ ತಾನೆ?"

ಹುಷಾರಾಗೇ ಇದ್ದೇನೆ. ಅಬ್ಬಾಗೆ ಏನೇನೋ ಅನ್ನಿಸುತ್ತದೆ. ಚಂದ್ರ ಕಂಡರೆ ಭಾನುವಾರದಿಂದ ರೋಜಾ ಉಪವಾಸ.

10 ಏಪ್ರಿಲ್, ಗುರುವಾರ

ಶಿವಾಜಿನಗರದ ಕೇಂದ್ರ ಇವತ್ತು ಶುರುವಾಯಿತು. ಗಲ್ಲಿಯ ತುದಿಯಲ್ಲಿ ಒಂದು ಬಾಡಿಗೆ ಕೋಣೆ, ಹೊಸ ಸುಣ್ಣದ ವಾಸನೆ. ಹತ್ತೂವರೆಯಾದರೂ ಐದೇ ಜನ ಬಂದಿದ್ದರು. ಆಫೀಸಿನವರು ಇಪ್ಪತ್ತೇಳು ಮಂದಿಗೂ ತಿಳಿಸಿದ್ದೇವೆ ಎಂದರು. ಹೇಗೆ ತಿಳಿಸಿದಿರಿ ಎಂದು ಕೇಳಿದೆ. ಫೋನ್ ಮಾಡಿದ್ದರಂತೆ. ಏಳು ಮನೆಯಲ್ಲಿ ಎತ್ತಿದರಂತೆ, ಎತ್ತಿದ್ದು ಮಕ್ಕಳು, ಸೊಸೆಯಂದಿರು. ಕಿವಿ ಕೇಳದವರನ್ನು ಫೋನ್ ಮಾಡಿ ಕರೆದ ಕೀರ್ತಿ ನಮ್ಮ ಸಂಸ್ಥೆಗೇ ಇರಲಿ. ಹೋಗಿ ಕರೆದುಕೊಂಡು ಬರುತ್ತೇನೆ ಎಂದು ಹೊರಟೆ.

ಇಮಾಮ್ ಬೀಯವರ ಮೆಟ್ಟಿಲ ಮೇಲೆ ಜೈತುನ್ ನಿಂತಿದ್ದರು. ಹಲಸೂರಿನಿಂದ ಬಸ್ಸಿನಲ್ಲಿ ಬಂದಿದ್ದಾರೆ, ಕೈಯಲ್ಲಿ ಒಂದು ಟಿಫಿನ್ ಕ್ಯಾರಿಯರ್. ದಿನ ತಿಳಿಸಲು ನಾನು ಸೋಮವಾರ ಅವರ ಮನೆಗೆ ಹೋಗಿದ್ದೆ, ನೋಡೋಣ ಎಂದಷ್ಟೇ ಹೇಳಿದ್ದರು. ಫೆಬ್ರವರಿಯಲ್ಲಿ ನಾವು ಹೋಗಿ ಬಂದಾಗಿನಿಂದ ಇಮಾಮ್ ಬೀ ಹಗಲಲ್ಲಿ ಬಾಗಿಲು ಹಾಕುವುದೇ ಇಲ್ಲ, ಪರದೆ ಮಾತ್ರ ಬಿಟ್ಟಿರುತ್ತಾರೆ.

"ತೆರೆದೇ ಇದೆ ಖಾಲಾ, ಹೋಗಿ."

"ಇರು. ಕರೆದು ನೋಡ್ತೀನಿ."

ಪರದೆ ಸರಿಸಿದರು. ಇಮಾಮ್ ಬೀ ನಮಗೆ ಬೆನ್ನು ಮಾಡಿ ಕೂತಿದ್ದರು, ಎಂಟು ಅಡಿ ದೂರ. ಮೆಷಿನ್ ನಿಂತಿತ್ತು. ಸೂಜಿಗೆ ದಾರ ಪೋಣಿಸುತ್ತಿದ್ದರು.

"ಆಪಾ," ಎಂದರು ಜೈತುನ್.

ಇಮಾಮ್ ಬೀ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡರು.

"ಆಪಾ!"

ಬಗ್ಗಿ ಸೂಜಿಯ ಕಣ್ಣು ಹುಡುಕಿದರು. ಮೂರನೆಯ ಸಲ ಜೈತುನ್ ಕೂಗಿದ ರಭಸಕ್ಕೆ ಎದುರು ಮಹಡಿಯವರು ಕಿಟಕಿ ತೆಗೆದರು. ಇಮಾಮ್ ಬೀಯವರ ಬೆನ್ನು ಅಲುಗಲಿಲ್ಲ. ಜೈತುನ್ ಬಾಯಿಗೆ ಸೆರಗು ಒತ್ತಿಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತರು. "ಎರಡು ವರ್ಷ," ಎಂದರು, "ಯಾ ಅಲ್ಲಾ, ಎರಡು ವರ್ಷ." ಕ್ಯಾರಿಯರ್ ನಾನು ತೆಗೆದುಕೊಂಡೆ.

ಸ್ವಲ್ಪ ಹೊತ್ತಿನ ಮೇಲೆ ಎದ್ದು ಒಳಗೆ ಹೋಗಿ ಮೆಷಿನ್ನಿನ ಆ ಕಡೆ ನಿಂತರು. ಇಮಾಮ್ ಬೀ ತಲೆ ಎತ್ತಿದರು. ಸೂಜಿ ಕೈಯಲ್ಲೇ ಇತ್ತು.

"ಈಗ ಬಂದ್ಯಾ? ಮದುವೆಗೆ ಕರೀದೆ, ಈಗ ಬಂದ್ಯಾ?"

"ಆವತ್ತೂ ಬಂದಿದ್ದೆ ಆಪಾ."

"ಏನಂದೆ?"

"ಆವತ್ತೂ ಬಂದಿದ್ದೆ."

ಇಮಾಮ್ ಬೀ ತಂಗಿಯ ತುಟಿಯನ್ನೇ ನೋಡಿದರು, ಅದು ಅಳುವಿನಲ್ಲಿ ನಡುಗುತ್ತಿತ್ತು, ಓದಲು ಆಗಲಿಲ್ಲ. ತಿಳಿಯಲಿಲ್ಲ ಎಂದು ತಲೆಯಾಡಿಸಿದರು. ಜೈತುನ್ ಮೆಷಿನ್ ಸುತ್ತಿ ಬಂದು, ಅಕ್ಕನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಎಡಗಿವಿಗೆ ಬಾಯಿ ಹಚ್ಚಿ ಗಲ್ಲಿಗೆಲ್ಲ ಕೇಳುವಂತೆ ಕೂಗಿದರು.

"ಆವತ್ತೂ ಬಂದಿದ್ದೆ!"

ಇಮಾಮ್ ಬೀಗೂ ಕೇಳಿಸಿತು.